ಅಡಿಗೆ ಮೂರು ನೂಲಿನ ಬೋಟು: ನಾಲ್ಕನೇ ಕಂತು

ಯುಗಾದಿಗೆ ಮನೆಯಲ್ಲಿ ಹೇಳಿದ್ದೆ, ಬೋಟಿನ ಒಡಲು ಮುಗೀತು, ಇನ್ನು ಮೇಲಿನ ಸಾಮಾನು ಕೂರಿಸಿದರೆ ಆಯ್ತು, ಒಂದು ವಾರದ ಕೆಲಸ ಅಂತ. ಈಗ ಆಷಾಢ. ಶುಕ್ರವಾರ ಬಂದರೆ ಬೆಳಗಿನ ಜಾವದಿಂದಲೇ ಜನ ಚಾಮುಂಡಿ ಬೆಟ್ಟಕ್ಕೆ ಹೊರಡುತ್ತಿದ್ದಾರೆ. ನಾನು ಇನ್ನೂ ಮಹಡಿ ರೂಮಿನಲ್ಲಿ ಟೈರು, ಡ್ರಮ್ಮು ಮುಂದಿಟ್ಟುಕೊಂಡು ಕೂತಿದ್ದೇನೆ.

ಹೊಸಬರಿಗೆ ಎರಡು ಮಾತು. ಇದು ಮಲ್ಪೆ ಕಡೆಯ ಮರದ ಟ್ರಾಲ್ ಬೋಟಿನ, ಅಂದರೆ ಬಲೆ ಎಳೆದು ಮೀನು ಹಿಡಿಯುವ ಬೋಟಿನ, ಪುಟ್ಟ ಮಾದರಿ. ನಿಜವಾದ್ದರ ಉದ್ದ ಸುಮಾರು 16 ಮೀಟರ್. ಹೋದ ವರ್ಷ ಜುಲೈನಲ್ಲಿ ಉಡುಪಿಗೆ ಹೋದಾಗ ಅಳತೆ ತೆಗೆದುಕೊಂಡು ಬಂದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನ ಬೋಟುಗಳೆಲ್ಲ ಬಂದರಿನಲ್ಲಿ ಮೈಗೆ ಮೈ ತಾಗಿಸಿಕೊಂಡು ನಿಂತಿರುತ್ತವೆ. ಟೇಪು ಹಿಡಿದು ಹತ್ತಿದಾಗ ಯಾರೂ ಬೇಡ ಅನ್ನಲಿಲ್ಲ. ಒಬ್ಬ ತಾಂಡೇಲರು (ಬೋಟು ನಡೆಸುವವರು) ಟೇಪಿನ ಆ ತುದಿ ತಾವೇ ಹಿಡಿದುಕೊಂಡು, "ಮೈಸೂರಲ್ಲಿ ಇದನ್ನ ಎಲ್ಲಿ ಬಿಡ್ತೀರಿ ಮಾರಾಯ್ರೆ?" ಅಂತ ನಕ್ಕರು.

ನನ್ನ ಬೋಟಿನ ಸ್ಕೇಲು 1:32. ಅಂದರೆ ನಿಜವಾದ್ದರ ಮೂವತ್ತೆರಡರಲ್ಲಿ ಒಂದು ಪಾಲು, ಉದ್ದ 50 ಸೆಂಟಿಮೀಟರ್. ನಮ್ಮ ಬೀದಿಯ ಮರಗೆಲಸದ ಆಚಾರ್ರಿಗೆ ಇದನ್ನು ವಿವರಿಸಲು ಹೋಗಿ ನಾನೇ ಪಾಠ ಕಲಿತೆ. ಒಂದಕ್ಕೆ ಮೂವತ್ತೆರಡು, ಅನುಪಾತ, ಅದೂ ಇದೂ ಅಂತ ಹೇಳುತ್ತಿದ್ದೆ. ಅವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ಅಡಿಗೆ ಮೂರು ನೂಲು ಅನ್ನಿ ಸ್ವಾಮಿ" ಅಂದರು. ಎಂಟು ನೂಲಿಗೆ ಒಂದು ಇಂಚು. ಹನ್ನೆರಡು ಇಂಚಿಗೆ ಮೂರು ನೂಲು ಅಂದರೆ ಸರಿಯಾಗಿ 1:32. ಈ ಸ್ಕೇಲು ಹುಟ್ಟಿದ್ದೂ ಹಾಗೇ, ಅಡಿ ಇಂಚಿನ ಲೆಕ್ಕದಲ್ಲಿ. 1:24 ಅಂದರೆ ಅಡಿಗೆ ಅರ್ಧ ಇಂಚು, 1:48 ಅಂದರೆ ಕಾಲು ಇಂಚು.

ತಂಟೆ ಇರುವುದು 1:35ರಲ್ಲಿ. ಅದು ಯಾವ ನೂಲಿಗೂ ಸಿಗುವುದಿಲ್ಲ. ಜಪಾನಿನ ಟಮಿಯಾ ಕಂಪನಿ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡುವಾಗ ಒಳಗೆ ಮೋಟರು, ಬ್ಯಾಟರಿ ಹಿಡಿಸಬೇಕಿತ್ತು. ಹಿಡಿಸುವಷ್ಟು ದೊಡ್ಡದು ಮಾಡಿದರು. ಆಮೇಲೆ ಅಳೆದು ನೋಡಿದರೆ 1:35ರ ಲೆಕ್ಕ ಬಂತು! ಆ ಬ್ಯಾಟರಿಯ ದೆಸೆಯಿಂದ ಇವತ್ತು ಮಿಲಿಟರಿ ಮಾದರಿಗಳೆಲ್ಲ ಹೆಚ್ಚಾಗಿ ಅದೇ ಸ್ಕೇಲಿನಲ್ಲಿ ಬರುತ್ತವೆ. ಡ್ರಮ್ಮು, ಪೆಟ್ಟಿಗೆ, ಹಗ್ಗ, ಕ್ಯಾನು, ಆಳುಗಳು, ಏನು ಹುಡುಕಿದರೂ ಮೊದಲು ಸಿಗುವುದು 1:35. ಟ್ರ್ಯಾಕ್ಟರ್, ಹಸು, ರೈತರ ಆಟಿಕೆಗಳು 1:32. ಕಾರುಗಳು 1:24. ನನ್ನ ಬಿಸ್ಕತ್ ಡಬ್ಬದಲ್ಲಿ ಮೂರೂ ಕಲಸಿಕೊಂಡಿವೆ. ಯಾವುದು ಯಾವುದರ ಪಕ್ಕ ಕೂರಬಹುದು ಅನ್ನುವುದೇ ಈ ಮೂರು ತಿಂಗಳ ಕೆಲಸ.

ಬೋರಣ್ಣ ಬಂದ

ಮೊದಲು ಪ್ರತಿ ಸಾಮಾನಿಗೂ ಕ್ಯಾಲ್ಕುಲೇಟರ್ ಒತ್ತುತ್ತಿದ್ದೆ. ತಲೆ ಕೆಟ್ಟುಹೋಯಿತು. ಒಂದು ದಿನ ಸುಮ್ನೆ ಐಸ್‌ಕ್ಯಾಂಡಿ ಕಡ್ಡಿಯನ್ನು 53 ಮಿಲಿಮೀಟರಿಗೆ ಕತ್ತರಿಸಿದೆ. 170 ಸೆಂಟಿಮೀಟರ್ ಎತ್ತರದ ಮನುಷ್ಯ 1:32ರಲ್ಲಿ ಅಷ್ಟೇ ಆಗುತ್ತಾನೆ. 16 ಮಿ.ಮೀ.ಗೆ ಮಂಡಿ ಅಂತ ಗೆರೆ ಹಾಕಿದೆ, 31ಕ್ಕೆ ಸೊಂಟ. ಸೊಂಟದ ಗೆರೆ ಅಂದರೆ ನಿಜದಲ್ಲಿ ಒಂದು ಮೀಟರ್, ಕಟಕಟೆಯ ಎತ್ತರ. ಮೇಲೆ ಎರಡು ಕಣ್ಣು, ಮೀಸೆ. ಹೆಸರು ಬೋರಣ್ಣ.

ಈಗ ಡಬ್ಬದ ಮೇಲಿನ ನಂಬರು ನೋಡುವುದನ್ನೇ ಬಿಟ್ಟಿದ್ದೇನೆ. ಸಾಮಾನಿನ ಪಕ್ಕ ಬೋರಣ್ಣನನ್ನು ನಿಲ್ಲಿಸುತ್ತೇನೆ. ಇದನ್ನು ಇವನು ಎತ್ತಬಲ್ಲನೇ? ಒಳಗೆ ನುಗ್ಗಬಲ್ಲನೇ? ಇದಕ್ಕೆ ಒರಗಿದರೆ ನೀರಿಗೆ ಬೀಳುತ್ತಾನೋ?

ಟೈರಿನಲ್ಲಿ ಮೊದಲ ಗೆಲುವು. ಬೋಟಿನ ಪಕ್ಕಕ್ಕೆ ಪೆಟ್ಟು ತಾಗದ ಹಾಗೆ ಹಳೆ ಟೈರು ನೇತುಹಾಕುತ್ತಾರಲ್ಲ, ಅದು. ಲಾರಿ ಟೈರು ಹತ್ತಿರಹತ್ತಿರ ಒಂದು ಮೀಟರ್, ಕಾರಿನದು 60 ಸೆಂಟಿಮೀಟರ್ ಅನ್ನಿ. ನನ್ನ ಸ್ಕೇಲಿಗೆ 31 ಮತ್ತು 19 ಮಿ.ಮೀ. ಇವೆರಡರ ನಡುವೆ ಯಾವುದು ಸಿಕ್ಕರೂ ನಡೆಯುತ್ತದೆ, ಯಾಕೆಂದರೆ ನಿಜವಾದ ಬೋಟಿನಲ್ಲೂ ಗುಜರಿಯಲ್ಲಿ ಸಿಕ್ಕಿದ್ದನ್ನೇ ಕಟ್ಟಿರುತ್ತಾರೆ. ಮುರಿದ 1:24 ಕಾರಿನಿಂದ ಬಂದ 25 ಮಿ.ಮೀ. ಟೈರು ನನ್ನ ಬೋಟಿನಲ್ಲಿ 80 ಸೆಂಟಿಮೀಟರಿನ ಟೆಂಪೋ ಟೈರಾಯಿತು. ಸ್ಕೇಲು ತಪ್ಪಿದ್ದೇ ಚೆಂದ ಕಂಡಿತು. ಆರೂ ಟೈರು ಒಂದೇ ಅಳತೆಯಿದ್ದರೆ ಶೋರೂಮಿನಿಂದ ತಂದ ಹಾಗೆ ಕಾಣುತ್ತಿತ್ತು.

ಇದೇ ಧೈರ್ಯದಲ್ಲಿ ಡ್ರಮ್ಮಿಗೆ ಕೈ ಹಾಕಿ ಪೆಟ್ಟು ತಿಂದೆ. 200 ಲೀಟರಿನ ಡ್ರಮ್ಮು 88 ಸೆಂಟಿಮೀಟರ್ ಎತ್ತರ. 1:32ಕ್ಕೆ 27.5 ಮಿ.ಮೀ., 1:35ಕ್ಕೆ 25. ಎರಡೂವರೆ ಮಿಲಿಮೀಟರ್ ತಾನೇ, ಯಾರು ನೋಡುತ್ತಾರೆ ಅಂದುಕೊಂಡು ಅದೊಂದು ಇದೊಂದು ಪಕ್ಕಪಕ್ಕ ಇಟ್ಟೆ. ಅಪ್ಪ ಮಗ ನಿಂತ ಹಾಗಿತ್ತು! ಉದ್ದದಲ್ಲಿ ಬರೀ ಶೇ 9 ವ್ಯತ್ಯಾಸ ನಿಜ, ಆದರೆ ಅದು ಮೂರೂ ಕಡೆಗೆ ಬೆಳೆಯುತ್ತದಲ್ಲ, ಒಟ್ಟು ಗಾತ್ರದಲ್ಲಿ ಶೇ 31 ಆಗುತ್ತದೆ. ಕಣ್ಣಿಗೆ ಹೊಡೆಯುವುದು ಆ ದಪ್ಪ. ಅದರಲ್ಲೂ ಡ್ರಮ್ಮು ಊರಿಗೆಲ್ಲ ಒಂದೇ ಅಳತೆ ಅಂತ ನಮಗೆ ಗೊತ್ತು. ಈಗ ಮೂರೂ ಡ್ರಮ್ಮು 1:35. ಬೋರಣ್ಣನ ಪಕ್ಕ ಸ್ವಲ್ಪ ಸಣ್ಣವೇ, ಆದರೆ ಜಗಳಕ್ಕೆ ಜೊತೆಯವನಿಲ್ಲ.

ಲೈಫ್‌ಬಾಯ್, ಅಂದರೆ ನೀರಿಗೆ ಬಿದ್ದವರಿಗೆ ಎಸೆಯುವ ತೇಲುವ ಬಳೆ, ಅದರ ಕಥೆ ಬೇಗ ಮುಗಿಯಿತು. ಡಬ್ಬದಲ್ಲಿದ್ದ ಬಿಳಿ ಕೆಂಪು ಬಳೆ 31 ಮಿ.ಮೀ. ಅಂದರೆ ನಿಜದಲ್ಲಿ ಒಂದು ಮೀಟರ್. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹೊರ ಅಳತೆ 80 ಸೆಂಟಿಮೀಟರ್ ಮೀರಬಾರದು, ಒಳಗಿನ ತೂತು 40ಕ್ಕಿಂತ ಕಡಿಮೆ ಇರಬಾರದು. ಬೋರಣ್ಣನ ಸೊಂಟದವರೆಗೆ ಬರುವ ಬಳೆಯನ್ನು ಮಗಳ ಸರದ ಪೆಟ್ಟಿಗೆಗೆ ದಾನ ಮಾಡಿ, 21 ಮಿ.ಮೀ.ನ 1:35 ಬಳೆ ಹಾಕಿದೆ.

ವಿಂಚಿನ ಗ್ರಹಚಾರ

ಬಲೆ ಎಳೆಯುವ ವಿಂಚು ಡೆಕ್ಕಿನ ಮೇಲೆ ಎದ್ದು ಕಾಣುವ ಸಾಮಾನು. ಅದನ್ನು ಕೈಯಲ್ಲಿ ಮಾಡುವಷ್ಟು ತಾಳ್ಮೆ ಇರಲಿಲ್ಲ. 1:35ರ ಫೈಲು ಸಿಕ್ಕಿತು. ತ್ರೀಡಿ ಪ್ರಿಂಟ್ ಮಾಡುವ ಅಂಗಡಿಗೆ ಒಯ್ದೆ. ಎಷ್ಟು ಪರ್ಸೆಂಟ್ ಇಡಲಿ ಅಂತ ಹುಡುಗ ಕೇಳಿದ. ನಾನು ಗತ್ತಿನಿಂದ 32ನ್ನು 35ರಿಂದ ಭಾಗಿಸಿ, "91.4" ಅಂದೆ. ಅವನು ಹೇಳಿದಷ್ಟು ಮಾಡಿಕೊಟ್ಟ.

ಮನೆಗೆ ತಂದು ಬೋರಣ್ಣನನ್ನು ನಿಲ್ಲಿಸಿದರೆ ಹ್ಯಾಂಡಲು ಅವನ ಮಂಡಿಗೆ ಬರುತ್ತಿದೆ. ಲೆಕ್ಕ ತಿರುವುಮುರುವು. 35ನ್ನು 32ರಿಂದ ಭಾಗಿಸಬೇಕಿತ್ತು, 109.4 ಅನ್ನಬೇಕಿತ್ತು. ದೊಡ್ಡದು ಮಾಡಬೇಕಾದ್ದನ್ನು ಇನ್ನೂ ಕುಗ್ಗಿಸಿ 1:38ಕ್ಕೆ ತಂದಿದ್ದೆ. ಸ್ಕೇಲಿನಲ್ಲಿ ಕೆಳಗಿನ ನಂಬರು ದೊಡ್ಡದಾದಷ್ಟೂ ಸಾಮಾನು ಸಣ್ಣದು. ಗೊತ್ತಿದ್ದೂ ಅಂಗಡಿಯಲ್ಲಿ ನಿಂತಾಗ ಬುದ್ಧಿ ಓಡುವುದಿಲ್ಲ.

ಎರಡನೇ ಸಲ ಸರಿಯಾಗಿ ಬಂತು. ಮೊದಲನೆಯದನ್ನು ಎಸೆಯಲು ಮನಸ್ಸಾಗದೆ ಮುಂಭಾಗದಲ್ಲಿ ಲಂಗರಿನ ಹಗ್ಗಕ್ಕೆ ಇಟ್ಟೆ. ಅಲ್ಲಿ ಹೇಗೂ ಸಣ್ಣ ವಿಂಚೇ ಬೇಕು. ಎರಡರ ನಡುವೆ ಕ್ಯಾಬಿನ್ ಅಡ್ಡ ಇದೆ, ಒಟ್ಟಿಗೆ ಕಾಣುವುದೂ ಇಲ್ಲ.

ಅಡ್ಡ ಇದ್ದರೆ ಸಾಕು ಅನ್ನುವ ಉಪಾಯ ನನ್ನದಲ್ಲ, ಅಮ್ಮನ ಬೊಂಬೆ ಹಬ್ಬದ್ದು. ಹೋದ ದಸರಾದಲ್ಲಿ ಬರೀ ಒಡಲನ್ನೇ ಮೂರನೇ ಮೆಟ್ಟಿಲಿನಲ್ಲಿ ಇಟ್ಟಿದ್ದೆವು. ಮೇಲೆ ಪಟ್ಟದ ಬೊಂಬೆ, ಕೆಳಗೆ ಶೆಟ್ಟಿ ಶೆಟ್ಟಮ್ಮ, ಅವರ ಅಕ್ಕಿ ಮೂಟೆ ನನ್ನ ಬೋಟಿನಷ್ಟಿತ್ತು. ಆನೆ ಅಂಬಾರಿ ಶೆಟ್ಟಮ್ಮನ ಅಂಗೈಯಷ್ಟು. ಬಂದವರು ಯಾರೂ ಇದು ಯಾಕೆ ಹೀಗೆ ಅನ್ನಲಿಲ್ಲ. ಆದರೆ ಪಕ್ಕದ ಮನೆಯ ಪುಟ್ಟ ತನ್ನ ಆಟದ ಜೀಪನ್ನು ಡೆಕ್ಕಿನ ಮೇಲೆ ಹತ್ತಿಸಿದ ಕೂಡಲೇ ಆರತಿ ತಟ್ಟೆ ಹಿಡಿದಿದ್ದ ಅಮ್ಮನೇ ನಕ್ಕರು. ಬೇರೆ ಮೆಟ್ಟಿಲಲ್ಲಿದ್ದರೆ ಅದು ಬೇರೆ ಊರು. ಡೆಕ್ಕಿಗೆ ಬಂದರೆ ಬೋಟಿನ ಲೆಕ್ಕಕ್ಕೆ ಬಗ್ಗಬೇಕು.

ಆಳುಗಳಿಗೂ ಇದನ್ನೇ ಮಾಡಿದೆ. ಇಬ್ಬರು 54 ಮಿ.ಮೀ.ನ ರೈತರು, ಇಬ್ಬರು 1:35ರ ಸೈನಿಕರು. ಸೈನಿಕರ ಬಂದೂಕು ಕತ್ತರಿಸಿ, ಹೆಲ್ಮೆಟ್ ಉಜ್ಜಿ ತಲೆಗೆ ಟವೆಲು ಸುತ್ತಿದೆ, ಟಿಶ್ಯೂ ಕಾಗದಕ್ಕೆ ಫೆವಿಕಾಲ್ ಹಚ್ಚಿ ಲುಂಗಿ ಉಡಿಸಿದೆ. 48.5 ಮಿ.ಮೀ. ಅಂದರೆ ನನ್ನ ಬೋಟಿನಲ್ಲಿ ಅವರು 155 ಸೆಂಟಿಮೀಟರಿನವರು. ಅಷ್ಟು ಕುಳ್ಳರು ಊರಲ್ಲಿ ಎಷ್ಟು ಜನ ಇಲ್ಲ? ಎತ್ತರ ತೊಂದರೆ ಕೊಡಲಿಲ್ಲ. ತಲೆ ಮತ್ತು ಅಂಗೈ ಮಾತ್ರ ಪೀಚಲು ಕಂಡವು. ಹಾಗಾಗಿ ಇಬ್ಬರನ್ನೂ ಹಿಂದುಗಡೆ ಬಲೆ ರಾಶಿಯ ಹತ್ತಿರ, ಕೈ ಬಲೆಯಲ್ಲಿ ಮುಚ್ಚಿಹೋಗುವ ಹಾಗೆ ಬಗ್ಗಿಸಿ ಕೂರಿಸಿದ್ದೇನೆ. ಬಲೆ ಹಳೆ ಸೊಳ್ಳೆ ಪರದೆ. ಕಣ್ಣು 1.2 ಮಿ.ಮೀ., ನಿಜದಲ್ಲಿ ಸುಮಾರು 4 ಸೆಂಟಿಮೀಟರ್. ನೂಲು ಸ್ವಲ್ಪ ದಪ್ಪವಾಯಿತು, ಇರಲಿ. ತೇಲುಬುಂಡೆಗೆ ಸಂತೆಪೇಟೆಯಲ್ಲಿ ತಂದ 6 ಮಿ.ಮೀ. ಮಣಿ.

ಪಾಂಡವಪುರದ ಹೊಂಡದಲ್ಲಿ

ಹೋದ ಭಾನುವಾರ ದೊಡ್ಡಪ್ಪನ ಜಮೀನಿನ ಕೃಷಿ ಹೊಂಡದಲ್ಲಿ ಬಿಟ್ಟು ನೋಡಿದೆ. ನಿಜವಾದ ಬೋಟು 40 ಟನ್ ಅಂತಿಟ್ಟುಕೊಂಡರೆ, ಮಾದರಿ ಅದೇ ಗೆರೆಗೆ ಮುಳುಗಲು 1.2 ಕೆ.ಜಿ. ತೂಗಬೇಕು. 32ರಿಂದ ಮೂರು ಸಲ ಭಾಗಿಸಿದ್ದು. ನನ್ನದು ಬ್ಯಾಟರಿ ಸೇರಿ ಅಷ್ಟಕ್ಕೇ ಬಂದಿದೆ. ವೇಗಕ್ಕೆ ಮಾತ್ರ ಬೇರೆ ಲೆಕ್ಕ, 32ರ ವರ್ಗಮೂಲದಿಂದ ಭಾಗಿಸಬೇಕು. ನಿಜವಾದ ಬೋಟಿನ 8 ನಾಟ್‌ಗೆ (ಗಂಟೆಗೆ ಸುಮಾರು 15 ಕಿ.ಮೀ.) ಮಾದರಿಯದು ಸೆಕೆಂಡಿಗೆ 70 ಸೆಂಟಿಮೀಟರ್ ಚಿಲ್ಲರೆ. ದಡದಲ್ಲಿ ನಿಧಾನಕ್ಕೆ ನಡೆದರೆ ಜೊತೆಗೇ ಬರುತ್ತದೆ. ಅದಕ್ಕಿಂತ ಜೋರಾಗಿ ಓಡಿಸಿದರೆ ಆಟಿಕೆ ಥರ ಕಾಣುತ್ತದೆ.

ಎರಡು ಸುತ್ತು ಹೊಡೆಸಿ ದಡಕ್ಕೆ ತಂದೆ. ದೊಡ್ಡಪ್ಪ ಸಮುದ್ರ ನೋಡಿದವರಲ್ಲ. ಕುಕ್ಕರಗಾಲಲ್ಲಿ ಕೂತು, ಕಬ್ಬಿನ ಗರಿಯಲ್ಲಿ ತೋರಿಸುತ್ತಾ ಪ್ರತಿಯೊಂದನ್ನೂ ನೋಡಿದರು. ಟೈರು ಬಿಟ್ಟರು. ಡ್ರಮ್ಮು ಬಿಟ್ಟರು. ಕುಳ್ಳ ಸೈನಿಕರ ಬಗ್ಗೆ ಚಕಾರ ಎತ್ತಲಿಲ್ಲ. ಗರಿ ಕ್ಯಾಬಿನ್ ಬಾಗಿಲ ಹತ್ತಿರ ನಿಂತಿತು.

"ಏನ್ಲಾ ಮಗ, ಇವ್ನು ಒಳೀಕ್ ಹೋಗೋದ್ ಹೆಂಗ್ಲಾ?"

"ನಿಜವಾದ ಬೋಟಲ್ಲೂ ಬಾಗ್ಲು ಗಿಡ್ಡಾನೇ ದೊಡ್ಡಪ್ಪ. ಬಗ್ಗಿಕೊಂಡೇ ಹೋಗ್ಬೇಕು."

"ಬಗ್ಕೊಂಡೇ ಹೋಗ್ಲಿ ಕಣ್ಲಾ. ಪಕ್ಕದಲ್ ಕಿಟ್ಕಿ ನೋಡು. ಬಾಗ್ಲಿಗಿಂತ ಮ್ಯಾಕೈತೆ. ಲಿಂಟಲ್ಲೇ ಕೆಟ್ಟೋಗೈತಲ್ಲ."

ಮನೆ ಕಟ್ಟಿಸಿದವರ ಕಣ್ಣು. ಕಿಟಕಿ ನಾನೇ 1:32ಕ್ಕೆ ಕತ್ತರಿಸಿದ್ದು. ಬಾಗಿಲು ಡಬ್ಬದಲ್ಲಿ ರೆಡಿ ಇತ್ತು, 1:35ರದ್ದು, 47 ಮಿ.ಮೀ. ಮಲ್ಪೆಯಲ್ಲಿ ಅಳೆದ ಬಾಗಿಲು 165 ಸೆಂಟಿಮೀಟರ್, ಅಂದರೆ 51.5 ಮಿ.ಮೀ. ಬೇಕಿತ್ತು. ನಾಲ್ಕೂವರೆ ಮಿಲಿಮೀಟರ್ ಕಡಿಮೆ. ಬಾಗಿಲಿನ ಮುಂದೆ ಬೋರಣ್ಣನನ್ನು ನಾನು ಎಷ್ಟೋ ಸಲ ನಿಲ್ಲಿಸಿದ್ದೆ. ಬಗ್ಗುತ್ತಾನೆ ಬಿಡು ಅಂತ ಸಮಾಧಾನ ಮಾಡಿಕೊಂಡಿದ್ದೆ. ಪಕ್ಕದ ಕಿಟಕಿಯ ತಲೆಗೆರೆ ನೋಡಿರಲಿಲ್ಲ. ಮನೆಗೆ ಬಂದು ಮಲ್ಪೆಯ ಫೋಟೋ ತೆಗೆದರೆ ಬಾಗಿಲು, ಕಿಟಕಿ ಎರಡರ ಮೇಲಂಚೂ ಒಂದೇ ಮಟ್ಟದಲ್ಲಿವೆ.

ಕಿಟಕಿ ಇಳಿಸೋಣವಾ ಅಂತ ಒಂದು ಕ್ಷಣ ಆಸೆಯಾಯಿತು, ಕೆಲಸ ಕಡಿಮೆ. ಆದರೆ ಕಿಟಕಿ ಇಳಿಸಿದರೆ ಒಳಗೆ ನಿಂತ ತಾಂಡೇಲನ ಕಣ್ಣಿಗೆ ಚೌಕಟ್ಟು ಅಡ್ಡ ಬರುತ್ತದೆ. ಹಾಗಾಗಿ ಬಾಗಿಲೇ ಹೋಗಬೇಕು. ನಿನ್ನೆ ರಾತ್ರಿ ಕ್ಯಾಬಿನ್ನಿನ ಆ ಗೋಡೆ ಪೂರ್ತಿ ಕಿತ್ತಿದ್ದೇನೆ. ಆಚಾರ್ರು ಒಂದು ತೆಳು ತೇಗದ ಚೂರು ಕೊಟ್ಟಿದ್ದಾರೆ. ಅದರ ಎಳೆ ಸ್ವಲ್ಪ ಒರಟು, ಬಣ್ಣ ಬಳಿದರೆ ಮುಚ್ಚುತ್ತದೆ. ಹೊಸ ಬಾಗಿಲಿಗೆ ಗೆರೆ ಹಾಕಿಯಾಯಿತು, 51.5. ಬೋರಣ್ಣ ಅದರ ಮೇಲೆ ಅಂಗಾತ ಮಲಗಿದ್ದಾನೆ, ತಲೆ ಒಂದೂವರೆ ಮಿಲಿಮೀಟರ್ ಆಚೆಗಿದೆ.