ಹ್ಯಾಮರ್ ಡ್ರಿಲ್ಲಿನಿಂದ ಬಿಟ್ ಹೊರಬಾರದಿದ್ದಾಗ

ಕಟ್ಟಡಗಳಲ್ಲಿ ವಿದ್ಯುತ್ ಕೆಲಸ ಮಾಡುವ ತಂಡವೊಂದರ ಮೇಲ್ವಿಚಾರಕನಾಗಿ ನಾನು ಹೆಚ್ಚಾಗಿ ಬಳಸುವ ಉಪಕರಣವೆಂದರೆ, ಪೆಟ್ಟು ಕೊಡುತ್ತಲೇ ತಿರುಗಿ ಕಾಂಕ್ರೀಟ್ ಕೊರೆಯುವ ಹ್ಯಾಮರ್ ಡ್ರಿಲ್. ಬೆಂಗಳೂರಿನ ವಸತಿ ಸಮುಚ್ಚಯವೊಂದರ ನೆಲಮಾಳಿಗೆಯಲ್ಲಿ ಕೇಬಲ್ ಟ್ರೇ ತೂಗುಹಾಕಲು ಎರಡು ದಿನದಿಂದ ಛಾವಣಿಗೆ 12 ಮಿ.ಮೀ. ರಂಧ್ರಗಳನ್ನು ಕೊರೆಯುತ್ತಿದ್ದೆವು. ಸಂಜೆ ದಣಿದಿದ್ದರಿಂದ ಬಿಟ್ಟನ್ನು, ಅಂದರೆ ಕೊರೆಯುವ ಉಕ್ಕಿನ ಕಡ್ಡಿಯನ್ನು, ತೆಗೆಯದೆ ಮಷೀನನ್ನು ಹಾಗೆಯೇ ಮೂಲೆಯಲ್ಲಿಟ್ಟು ಹೋಗಿದ್ದೆವು. ಮರುದಿನ 10 ಮಿ.ಮೀ. ಬಿಟ್ ಹಾಕಲು, ಹಳೆಯದನ್ನು ಬಿಡಿಸುವ ಮೂತಿಯ ಬಳೆಯಾದ ಕಾಲರನ್ನು ಎಳೆದ ಹುಡುಗ, "ಅಣ್ಣಾ, ಕಾಲರ್ ಹಿಂದಕ್ಕೆ ಬರುತ್ತೆ, ಬಿಟ್ ಮಾತ್ರ ಅಲ್ಲಾಡ್ತಾನೇ ಇಲ್ಲ" ಎಂದ. ಅಷ್ಟರಲ್ಲಿ ಅವನ ಕೈಗೆ ಪೈಪ್ ರೆಂಚ್ ಬಂದಿತ್ತು, ಮಷೀನಿನ ಪ್ಲಗ್ ಇನ್ನೂ ಬೋರ್ಡಿನಲ್ಲೇ ಇತ್ತು.

ನಾನು ಮೊದಲು ಪ್ಲಗ್ ಕಿತ್ತೆ, ಆಮೇಲೆ ರೆಂಚನ್ನು ಕೆಳಗಿಡಿಸಿದೆ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಇಂಥದೇ ಬಿಟ್ಟನ್ನು ಬೆಂಚ್ ವೈಸಿಗೆ ಕಚ್ಚಿಸಿ, ಮಷೀನನ್ನು ರಿವರ್ಸಿಗೆ ಹಾಕಿ, ತಿರುಪಿನಂತೆ ಬಿಚ್ಚಿಕೊಳ್ಳುತ್ತದೆಂದು ನಂಬಿ ನಾನೇ ಸ್ವಿಚ್ ಒತ್ತಿದ್ದೆ. ಬಿಟ್ ತಿರುಗಲಾರದೆ ಮಷೀನೇ ಸುತ್ತಿ ನನ್ನ ಬಲಗೈ ಮಣಿಕಟ್ಟು ಉಳುಕಿತು. ಮೂರು ವಾರ ಆ ಕೈಯಲ್ಲಿ ಟೆಸ್ಟರ್ ಹಿಡಿಯುವುದೂ ಕಷ್ಟವಾಗಿತ್ತು. ಬಿಟ್ ಮಾತ್ರ ಇದ್ದಲ್ಲೇ ಇತ್ತು.

ಅದು ಏಕೆ ಬರಲಿಲ್ಲವೆಂಬುದು ಒಳಗಿನ ರಚನೆ ತಿಳಿದ ಮೇಲಷ್ಟೇ ನನಗೆ ಅರ್ಥವಾಯಿತು. ಸಾಮಾನ್ಯ ಡ್ರಿಲ್ಲಿನಲ್ಲಿ ಬಿಟ್ ಕೂರುವ ಬಾಯಿಯಾದ ಚಕ್‌ನಲ್ಲಿ ಮೂರು ದವಡೆಗಳು ಬಿಟ್ಟನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತವೆ. ಅಲ್ಲಿ ಚಕ್ ಕೀಯನ್ನು ಮೂರೂ ರಂಧ್ರಗಳಿಗೆ ಸರದಿಯಂತೆ ಹಾಕಿ ತಿರುಗಿಸಿದರೆ ಬಹುಮಟ್ಟಿಗೆ ಸಡಿಲವಾಗುತ್ತದೆ. ನಮ್ಮಂಥ ಹ್ಯಾಮರ್ ಡ್ರಿಲ್ಲುಗಳಲ್ಲಿರುವುದು 1975ರಲ್ಲಿ ಬಾಷ್ ಕಂಪನಿ ಬಳಕೆಗೆ ತಂದ, ಬಿಟ್ ಕೂರಿಸುವ ಎಸ್‌ಡಿಎಸ್ ವ್ಯವಸ್ಥೆ; ಅದರಲ್ಲಿ ಯಾವುದೂ ಬಿಟ್ಟನ್ನು ಕಚ್ಚಿ ಹಿಡಿಯುವುದಿಲ್ಲ. ಎಸ್‌ಡಿಎಸ್ ಪ್ಲಸ್ ಬಿಟ್ಟಿನಲ್ಲಿ ಮಷೀನಿನೊಳಗೆ ಕೂರುವ 10 ಮಿ.ಮೀ. ದಪ್ಪದ ಹಿಡಿಯಲ್ಲಿ ತುದಿಯವರೆಗೆ ತೆರೆದ ಎರಡು ತೋಡುಗಳು ಅದನ್ನು ತಿರುಗಿಸಲು ಇದ್ದರೆ, ಎರಡೂ ಕಡೆ ಮುಚ್ಚಿದ ಇನ್ನೆರಡು ತೋಡುಗಳಲ್ಲಿ ಉಕ್ಕಿನ ಗುಂಡು ಕುಳಿತು ಬಿಟ್ ಉದುರದಂತೆ ತಡೆಯುತ್ತದೆ. ಹಿಂದಿನಿಂದ ಪೆಟ್ಟು ಬೀಳಬೇಕಾದ್ದರಿಂದ ಬಿಟ್ ಸುಮಾರು ಒಂದು ಸೆಂಟಿಮೀಟರಿನಷ್ಟು ಹಿಂದೆ ಮುಂದೆ ಸರಿದಾಡುತ್ತಲೇ ಇರಬೇಕು. ಇಲ್ಲಿ ತಿರುಪೇ ಇಲ್ಲದ ಮೇಲೆ ರಿವರ್ಸ್ ತಿರುಗಿಸಿ ಬಿಚ್ಚುವುದಾದರೂ ಏನನ್ನು?

ಆದ್ದರಿಂದ ಎಳೆಯುವ ಮೊದಲು ಬಿಟ್ಟನ್ನು ಒಳಕ್ಕೆ ಒತ್ತಿ ನೋಡಬೇಕೆಂದು ನಾನು ಹುಡುಗರಿಗೆ ಹೇಳುತ್ತೇನೆ. ಸರಿದಾಡಿಯೂ ಹೊರಬರುವಾಗ ಒಂದೇ ಜಾಗದಲ್ಲಿ ತಟಕ್ಕನೆ ನಿಂತರೆ, ಗುಂಡು ಬಿಟ್ಟುಕೊಡುತ್ತಿಲ್ಲ ಅಥವಾ ಹಿಡಿಯ ತುದಿ ಪೆಟ್ಟು ತಿಂದು ಅಣಬೆಯಂತೆ ಅರಳಿದೆ ಎಂದರ್ಥ. ಒಂದಿಷ್ಟೂ ಸರಿಯದಿದ್ದರೆ ಒಳಗೆ ಧೂಳು ಗಟ್ಟಿಯಾಗಿದೆ.

ನಮ್ಮದು ಈ ಎರಡನೆಯದು. ಗೋಡೆ ಕೊರೆಯುವಾಗ ಧೂಳು ನೆಲಕ್ಕೆ ಬೀಳುತ್ತದೆ. ಛಾವಣಿ ಕೊರೆಯುವಾಗ ಅದು ಬಿಟ್ಟಿನ ಸುರುಳಿಯಲ್ಲೇ ಇಳಿದು ನೇರವಾಗಿ ಚಕ್‌ನ ಬಾಯಿಗೆ ಹೋಗಿ, ಅಲ್ಲಿರುವ ಗ್ರೀಸಿನೊಂದಿಗೆ ಕಲೆಸಿಕೊಳ್ಳುತ್ತದೆ. ಬ್ರಷ್ಷಿನಿಂದ ಬಾಯಿಯ ಸುತ್ತಲಿನ ಧೂಳನ್ನು ತೆಗೆದು, ಮಷೀನನ್ನು ಬಿಟ್ ಮೇಲಾಗುವಂತೆ ನಿಲ್ಲಿಸಿ, ತುಕ್ಕು ಬಿಡಿಸುವ ಸ್ಪ್ರೇ ಎಣ್ಣೆಯನ್ನು ಸಂದಿಗೆ ಬಿಟ್ಟು ಇಪ್ಪತ್ತು ನಿಮಿಷ ಕಾದೆವು. ಈ ಕಾಯುವಿಕೆಯೇ ಸೈಟಿನಲ್ಲಿ ಯಾರಿಗೂ ಒಗ್ಗದ ಸಂಗತಿ, ಆದರೆ ಎಣ್ಣೆ ಇಳಿಯಲು ಸಮಯ ಬೇಕೇ ಬೇಕು. ಬಳಿಕ ಹುಡುಗ ಕಾಲರನ್ನು ಪೂರ್ತಿ ಹಿಂದಕ್ಕೆ ಎಳೆದು ಹಿಡಿದ. ನಾನು ಬಿಟ್ಟಿನ ತುದಿಗೆ ಮರದ ತುಂಡನ್ನಿಟ್ಟು ಮೆಲ್ಲಗೆ ತಟ್ಟಿ ಅದನ್ನು ಒಳಕ್ಕೇ ನೂಕಿದೆ. ತುದಿಯಲ್ಲಿರುವ ಕಾರ್ಬೈಡಿನ ಗಡಸು ತುಣುಕು ಸುತ್ತಿಗೆಯ ನೇರ ಪೆಟ್ಟಿಗೆ ಚಕ್ಕೆಯೇಳುತ್ತದೆ, ಅದಕ್ಕೇ ಮರ. ನಾಲ್ಕನೆಯ ಪೆಟ್ಟಿಗೆ ಕೂದಲೆಳೆಯಷ್ಟು ಸರಿಯಿತು. ದಪ್ಪ ಬಟ್ಟೆ ಸುತ್ತಿ ಎಡಕ್ಕೂ ಬಲಕ್ಕೂ ಅಲ್ಲಾಡಿಸುತ್ತ, ಮತ್ತೆ ಒಂದಿಷ್ಟು ಎಣ್ಣೆ ಬಿಟ್ಟು ಎಳೆದಾಗ ಬಿಟ್ ಕೈಗೆ ಬಂತು. ಹಿಡಿಯ ತೋಡುಗಳಲ್ಲಿ ಒದ್ದೆ ವಿಭೂತಿಯಂಥ ಬೂದು ಮುದ್ದೆ ಒತ್ತೊತ್ತಾಗಿ ತುಂಬಿತ್ತು.

ಅದನ್ನು ಒರೆಸಿ ಹಿಡಿಯ ತುದಿಗೆ ಉಗುರು ತಾಗಿಸಿದಾಗ ಅಂಚು ಹೊರಚಾಚಿರುವುದು ತಿಳಿಯಿತು. ಇನ್ನೊಂದು ವಾರ ಬಳಸಿದ್ದರೆ ಅದು ಅರಳಿ ಸಿಕ್ಕಿಕೊಳ್ಳುತ್ತಿತ್ತು. ಹಾಗೆ ಸಿಕ್ಕಿಕೊಂಡರೆ ಮುಂದಿನ ರಬ್ಬರ್ ಟೋಪಿ, ಅದರ ಹಿಂದಿನ ಉಂಗುರ, ಕಾಲರ್, ಸ್ಪ್ರಿಂಗ್ ಎಲ್ಲವನ್ನೂ ಕ್ರಮವಾಗಿ ಬಿಚ್ಚಿ, ಕಡಲೆಕಾಳಿನ ಗಾತ್ರದ ಗುಂಡನ್ನು ಆಯಸ್ಕಾಂತದಿಂದ ಎತ್ತಿದ ಮೇಲೆ ಬಿಟ್ಟನ್ನು ಹೊರಗೆಳೆಯಬೇಕು. ಅಭ್ಯಾಸವಿಲ್ಲದವರು ಇದನ್ನು ಸೈಟಿನ ಧೂಳಿನಲ್ಲಿ ಮಾಡದೆ ರಿಪೇರಿಯವರಿಗೆ ಕೊಡುವುದೇ ಒಳ್ಳೆಯದು. ಗುಂಡೊಂದು ಉರುಳಿ ಕಳೆದುಹೋದರೆ ಆ ದಿನದ ಕೆಲಸವೇ ನಿಲ್ಲುತ್ತದೆ. ಹೊರಚಾಚಿದ ಅಂಚನ್ನು ಗ್ರೈಂಡರಿನಲ್ಲಿ ಉಜ್ಜಿ ಬಳಸುವವರಿದ್ದಾರೆ, ನಾನು ಆ ಬಿಟ್ಟನ್ನು ಗುಜರಿ ಡಬ್ಬಕ್ಕೆ ಹಾಕಿದೆ.

ಅಂದಿನಿಂದ ಛಾವಣಿ ಕೊರೆಯುವಾಗ ಬಿಟ್ಟಿಗೆ ರಬ್ಬರಿನ ಧೂಳುಬಟ್ಟಲು ತೊಡಿಸುತ್ತೇವೆ. ಬಿಟ್ ಹಾಕುವ ಮುನ್ನ ಹಿಡಿಯನ್ನು ಒರೆಸಿ, ಕಡಲೆಬೇಳೆಯಷ್ಟು ಗ್ರೀಸನ್ನು ತುದಿಗೆ ಸವರುತ್ತೇವೆ. ಹೆಚ್ಚಾದರೆ ಅದೇ ಧೂಳನ್ನು ಹಿಡಿದಿಡುತ್ತದೆ. ಸಂಜೆ ಬಿಟ್ ಹೊರತೆಗೆದು ಒರೆಸಿದ ಮೇಲೆಯೇ ಪೆಟ್ಟಿಗೆ ಮುಚ್ಚುವುದು, ಆ ಕೆಲಸಕ್ಕೆ ಬೇಕಾದ ಬಟ್ಟೆಯ ತುಂಡನ್ನು ಆ ಹುಡುಗ ಈಗ ತನ್ನ ಜೇಬಿನಲ್ಲೇ ಇಟ್ಟುಕೊಂಡಿರುತ್ತಾನೆ.