ತೋಪಿನ ಹೊಟ್ಟೆಯೊಳಗಿನ ಎಣ್ಣೆ

ಹೋದ ವಾರ ನನ್ನ ಬೈಕಿನ ಮುಂದಿನ ಶಾಕ್‌ಅಬ್ಸಾರ್ಬರ್ ಸೋರತೊಡಗಿತು. ಸೂಪರ್ ಮಾರ್ಕೆಟ್ ಕಡೆ ಗ್ಯಾರೇಜ್ ಇಟ್ಟಿರುವ ಕಾಕಾ ಅದನ್ನು ಬಿಚ್ಚಿ, ಒಳಗಿನ ಪೈಪನ್ನು ಒರೆಸಿ ನನ್ನ ಕೈಗೆ ಕೊಟ್ಟರು. ಪಕ್ಕದಲ್ಲಿ ಜೋಳದ ಕಾಳಿನಷ್ಟು ಸಣ್ಣ ತೂತುಗಳು. "ಎಣ್ಣಿ ಇದರಾಗ ನುಗ್ಗಿ ಹೋಗಬೇಕ್ರಿ, ಅದಕ್ಕ ತಡ ಆಗ್ತದ. ಅದಕ್ಕ ಗಾಡಿ ಕುಣಿಯಂಗಿಲ್ಲ" ಅಂದರು.

ನನಗೆ ತಕ್ಷಣ ನಮ್ಮ ಕೋಟೆಯ ತೋಪು ನೆನಪಾಯಿತು. ಕಲಬುರಗಿ ಕೋಟೆಯ ಬಾರಾ ಗಜಿ ತೋಪ್ ಸುಮಾರು 29 ಅಡಿ ಉದ್ದ. ಜಗತ್ತಿನಲ್ಲೇ ಉದ್ದದ್ದು ಅಂತ ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಚಿಕ್ಕಂದಿನಲ್ಲಿ ಅದರ ಪಕ್ಕ ಹೆಜ್ಜೆ ಎಣಿಸುತ್ತಾ ನಡೆದಾಗೆಲ್ಲ, ತೋಪು ಅಂದರೆ ಉದ್ದ, ತೂಕ, ಅಷ್ಟೇ ಅಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದ ಹಾಗೆ ಗೊತ್ತಾಯಿತು, ತೋಪಿನ ಲೋಕವನ್ನೇ ಬದಲಾಯಿಸಿದ್ದು ಕಾಕಾ ತೋರಿಸಿದಂಥ ಎಣ್ಣೆ ಅಂತ.

ಹಳೆಯ ತೋಪುಗಳ ದೊಡ್ಡ ತೊಂದರೆ ಒದೆತ. ಗುಂಡು ಮುಂದಕ್ಕೆ ಹಾರಿದ ಕೂಡಲೇ ಗಾಡಿ ಪೂರಾ ಹಿಂದಕ್ಕೆ ಉರುಳುತ್ತಿತ್ತು. ಸಿಪಾಯಿಗಳು ಪಕ್ಕಕ್ಕೆ ಸರಿದು ನಿಲ್ಲಬೇಕು, ಆಮೇಲೆ ತಳ್ಳಿ ಜಾಗಕ್ಕೆ ತರಬೇಕು, ಮತ್ತೆ ಗುರಿ ಹಿಡಿಯಬೇಕು. ಪ್ರತಿ ಗುಂಡಿಗೂ ಇದೇ ಪಾಡು.

ಫ್ರೆಂಚರ 1897ರ 75 ಮಿಲಿಮೀಟರ್ (ನಳಿಗೆಯ ಬಾಯಿಯ ಅಗಲ) ತೋಪಿನಲ್ಲಿ ಗಾಡಿ ನಿಂತಲ್ಲೇ ನಿಲ್ಲುತ್ತದೆ, ನಳಿಗೆ ಮಾತ್ರ ಒಂದು ಮೀಟರಿಗಿಂತ ಜಾಸ್ತಿ ಹಿಂದೆ ಜಾರುತ್ತದೆ. ಜಾರುವಾಗ ಎಣ್ಣೆಯನ್ನು ತಳ್ಳುತ್ತದೆ, ಎಣ್ಣೆ ಗಾಳಿಯನ್ನು ಅದುಮುತ್ತದೆ, ಅದುಮಿದ ಗಾಳಿ ನಳಿಗೆಯನ್ನು ಮತ್ತೆ ಮುಂದಕ್ಕೆ ಕಳಿಸುತ್ತದೆ. ಗುರಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ನಿಮಿಷಕ್ಕೆ 15 ಗುಂಡು! ಸಿಪಾಯಿಗಳು ಗಾಡಿಯ ಮೇಲಿನ ಸೀಟಿನಲ್ಲಿ ಕೂತೇ ಕೆಲಸ ಮಾಡಬಹುದಿತ್ತು. ತೋಪು ನೆಗೆಯುವುದಿಲ್ಲ, ಹಾಗಾಗಿ ಎದುರಿಗೆ ಉಕ್ಕಿನ ತಗಡನ್ನೂ ಅಡ್ಡ ಹಾಕಿದರು.

ಜರ್ಮನಿಯ ಕಥೆ ಓದಿದಾಗ ನನಗೆ ನಿಜಕ್ಕೂ ಬೇಜಾರಾಯಿತು. ಕೊನ್ರಾಡ್ ಹೌಸ್ನರ್ ಅನ್ನುವ ಎಂಜಿನಿಯರ್ ಹೀಗೆ ನಳಿಗೆ ಜಾರುವ ಉಪಾಯವನ್ನು ಫ್ರೆಂಚ್ ತೋಪು ಬರುವ ಮೊದಲೇ ತೋಪು ಮಾಡುವ ಕ್ರುಪ್ ಕಂಪನಿಗೆ ಹೇಳಿದ್ದ, ಅವರು ಬೇಡ ಅಂದರು. ಜರ್ಮನ್ ಸೈನ್ಯ 1896ರಲ್ಲಿ ಹಳೇ ರೀತಿಯ ಹೊಸ ತೋಪನ್ನೇ ತೆಗೆದುಕೊಂಡಿತು. ಮರುವರ್ಷವೇ ಫ್ರೆಂಚರದು ಬಂತು. ಕೊನೆಗೆ ಜರ್ಮನರು ತಮ್ಮ ಆ ತೋಪುಗಳನ್ನು ಮತ್ತೆ ತಿದ್ದಿ ಕಟ್ಟಬೇಕಾಯಿತು. ಹೌಸ್ನರ್ ಆ ಹೊತ್ತಿಗೆ ಎರ್‌ಹಾರ್ಟ್ ಅನ್ನುವ ಇನ್ನೊಬ್ಬ ಜರ್ಮನ್ ತೋಪು ತಯಾರಕನ ಬಳಿ ಹೋಗಿದ್ದ, ಬ್ರಿಟಿಷರು ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಸಮಯದಲ್ಲಿ ಅದೇ ಎರ್‌ಹಾರ್ಟ್‌ನಿಂದ 108 ತೋಪುಗಳನ್ನು ಗುಟ್ಟಾಗಿ ಕೊಂಡರು.

1904ರಲ್ಲಿ ಬ್ರಿಟಿಷರು ತಮ್ಮದೇ, 18 ಪೌಂಡ್ ತೂಕದ ಗುಂಡು ಹಾರಿಸುವ ತೋಪು ತಂದರು. ಅದರಲ್ಲಿ ಒದೆತ ತಡೆಯಲು ಎಣ್ಣೆ ಇತ್ತು, ಆದರೆ ನಳಿಗೆಯನ್ನು ಜಾಗಕ್ಕೆ ತರುವುದು ಸ್ಪ್ರಿಂಗ್. ಆಗಿನ ಲೆಕ್ಕಕ್ಕೆ ಅದು ಸಾಕಿತ್ತು. 1914ರ ಮಹಾಯುದ್ಧದಲ್ಲಿ ಹಗಲೂ ರಾತ್ರಿ ಗುಂಡು ಹೊಡೆಯುವ ಹೊತ್ತಿಗೆ ಸ್ಪ್ರಿಂಗುಗಳು ಮುರಿಯತೊಡಗಿದವು, ಆಮೇಲೆ ಅಲ್ಲೂ ಗಾಳಿಯೇ ಬಂತು.

ಆದರೆ ನೇರಕ್ಕೆ ಹಾರುವ ಗುಂಡು ಆಳದ ಕಂದಕದೊಳಗೆ ಬೀಳಲ್ಲ ಅಲ್ವಾ? ಅದಕ್ಕೆ ಎತ್ತರಕ್ಕೆ ಹಾರಿ ಮೇಲಿಂದ ಬೀಳುವ ಹೊವಿಟ್ಜರ್ ಬೇಕು. ಜರ್ಮನರ ಹತ್ತಿರ ಅವು ಇದ್ದವು, ಫ್ರೆಂಚರು ತಮ್ಮ 75 ಮಿಲಿಮೀಟರ್ ತೋಪಿನ ಮೇಲೆಯೇ ನಂಬಿಕೆ ಇಟ್ಟು ಕೂತಿದ್ದರು. 1916ರಲ್ಲಿ ಫ್ರಾನ್ಸಿನ ಸೊಮ್‌ನಲ್ಲಿ ಬ್ರಿಟಿಷರು ಒಂದು ವಾರ ಸುಮಾರು 15 ಲಕ್ಷ ಗುಂಡು ಸುರಿದರು. ಅದರಲ್ಲಿ ಬಹಳಷ್ಟು ಚೂರು ಎರಚುವ ಹಗುರ ಗುಂಡು. ನೆಲದಡಿಯ ಆಳದ ಗೂಡುಗಳಲ್ಲಿದ್ದ ಜರ್ಮನರು ಉಳಿದರು, ಮೇಲೆ ಬಂದು ಮಷಿನ್‌ಗನ್ ಹಿಡಿದರು. ಜುಲೈ 1ರ ಒಂದೇ ದಿನ 19,240 ಬ್ರಿಟಿಷ್ ಸಿಪಾಯಿಗಳು ಸತ್ತರು. ಈ ಅಂಕಿಯನ್ನು ನಾನು ಎಷ್ಟು ಸಲ ಓದಿದರೂ ಒಂದು ಕ್ಷಣ ಸುಮ್ನೆ ಕೂತುಬಿಡುತ್ತೇನೆ.

ಕಾಕಾ ಹೊಸ ಸೀಲ್ ಕೂರಿಸಿ, ಎಣ್ಣೆ ಅಳೆದು ಹಾಕಿ, ಹ್ಯಾಂಡಲ್ ಹಿಡಿದು ಒತ್ತಲು ಹೇಳಿದರು. ಒತ್ತಿ ಕೈ ಬಿಟ್ಟೆ. ಗಾಡಿ ನಿಧಾನಕ್ಕೆ ಮೇಲೆ ಬಂದು ತನ್ನ ಜಾಗದಲ್ಲಿ ನಿಂತಿತು.