ಒಲಿಂಪಿಯಾ: ಮೊದಲು ಮ್ಯೂಸಿಯಂ, ಆಮೇಲೆ ಮೈದಾನ

ಗ್ರೀಸ್‌ನ ಒಲಿಂಪಿಯಾಕ್ಕೆ, ಅಂದರೆ ಪ್ರಾಚೀನ ಒಲಿಂಪಿಕ್ ಕ್ರೀಡೆಗಳು ನಡೆಯುತ್ತಿದ್ದ ಜಾಗಕ್ಕೆ, ಹೋದವರು ಮೊದಲು ಹುಡುಕುವುದು ಓಟದ ಮೈದಾನವನ್ನು. ನಾನೂ ಹಾಗೆಯೇ ಮಾಡಿದೆ. ಜುಲೈ ತಿಂಗಳ ಉರಿಬಿಸಿಲಿನಲ್ಲಿ ಮೂರು ಗಂಟೆ ಅಲೆದು, ಮ್ಯೂಸಿಯಂ ಸೇರುವ ಹೊತ್ತಿಗೆ ಕಾಲು ಸೋತು, ನಿಜವಾಗಿ ನೋಡಬೇಕಾದ್ದನ್ನು ಅರೆಮನಸ್ಸಿನಿಂದ ನೋಡಿ, ಮರುದಿನ ಮತ್ತೆ ಟಿಕೆಟ್ ಕೊಳ್ಳಬೇಕಾಯಿತು.

ಅಥೆನ್ಸ್‌ನಿಂದ ಒಲಿಂಪಿಯಾ ಸುಮಾರು 300 ಕಿ.ಮೀ. ದೂರದಲ್ಲಿದೆ. ಬಸ್ಸಿನಲ್ಲಿ ಹೋಗುವವರು ಪಿರ್ಗೋಸ್‌ನಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕಾಗಬಹುದು. ಆದ್ದರಿಂದ ಒಂದೇ ದಿನದಲ್ಲಿ ಹೋಗಿಬರುವ ಸಾಹಸ ಬೇಡ, ರಾತ್ರಿ ಅಲ್ಲಿಯೇ ತಂಗಿ. ಬೇಸಿಗೆಯಲ್ಲಾದರೆ ಮಧ್ಯಾಹ್ನದ ಹೊತ್ತನ್ನು ಮ್ಯೂಸಿಯಂಗೆ ಮೀಸಲಿಟ್ಟು, ಬಿಸಿಲು ಇಳಿದ ಮೇಲೆ ಅವಶೇಷಗಳ ಕಡೆಗೆ ನಡೆಯಿರಿ. ಮುಚ್ಚುವ ವೇಳೆ ಋತುವಿಗೆ ತಕ್ಕಂತೆ ಬದಲಾಗುತ್ತದೆ, ವಿಚಾರಿಸಿಕೊಂಡೇ ಹೊರಡಿ.

ಕ್ರಿ.ಪೂ. 470ರಿಂದ 457ರ ಸುಮಾರಿಗೆ ಕಟ್ಟಿದ, ಗ್ರೀಕರ ದೇವರಾಜ ಜೀಯಸ್‌ನ ದೇವಾಲಯದ ಶಿಲ್ಪಗಳು ಈ ಮ್ಯೂಸಿಯಂನ ಜೀವಾಳ. ಒಳಮಂಟಪಗಳ ಬಾಗಿಲ ಮೇಲ್ಭಾಗದಲ್ಲಿ, ಮುಂದೆ ಆರು ಹಿಂದೆ ಆರರಂತೆ, ಗ್ರೀಕ್ ಪುರಾಣದ ವೀರ ಹೆರಾಕ್ಲೀಸ್‌ನ 12 ಸಾಹಸಗಳ ಫಲಕಗಳಿದ್ದವು. ಕೆಲವು ತುಣುಕುಗಳು ಈಗ ಪ್ಯಾರಿಸ್‌ನ ಲೂವ್ರ್‌ನಲ್ಲಿವೆ. ಸಿಂಹವನ್ನು ಕೊಂದ ಮೊದಲ ಫಲಕದಲ್ಲಿ ಗಡ್ಡ ಮೂಡದ ಹುಡುಗನೊಬ್ಬ ಗೆಲುವಿನ ಅಬ್ಬರವೇ ಇಲ್ಲದೆ, ಸತ್ತ ಸಿಂಹದ ಮೇಲೆ ಕಾಲಿಟ್ಟು, ಕೈಯ ಮೇಲೆ ತಲೆಯೂರಿ ದಣಿದು ನಿಂತಿದ್ದಾನೆ. ಆಕಾಶ ಹೊತ್ತ ಫಲಕದಲ್ಲಿ ಅವನಿಗೆ ಗಡ್ಡ ಬಂದಿದೆ. ಹೊರೆ ಹೊರುವವರು ತಲೆಯ ಮೇಲೆ ಸಿಂಬೆ ಇಟ್ಟುಕೊಳ್ಳುವಂತೆ ಅವನ ಹೆಗಲಿಗೂ ಒಂದು ದಿಂಬಿದೆ, ಹಿಂದೆ ನಿಂತ ದೇವತೆ ಅಥೇನಾ ಒಂದೇ ಅಂಗೈಯಿಂದ ಆ ಭಾರಕ್ಕೆ ಆಸರೆ ಕೊಡುತ್ತಿದ್ದಾಳೆ. ಸ್ಪರ್ಧೆಗೆ ಬಂದ ಮಲ್ಲನಿಗೆ ಈ ಆಯಾಸ ಪರಿಚಿತವಾಗಿದ್ದಿರಬೇಕು. ವೀರತನವೆಂದರೆ ಸಹಿಸಿಕೊಂಡು ಮುಗಿಸಿದ ದುಡಿಮೆ ಎಂಬುದನ್ನು ಈ ಶಿಲ್ಪಿಗಳಷ್ಟು ಸ್ಪಷ್ಟವಾಗಿ ಹೇಳಿದವರು ಕಡಿಮೆ ಎಂಬುದು ನನ್ನ ಅಭಿಪ್ರಾಯ.

ದೇವಾಲಯದ ಪೂರ್ವದ ತ್ರಿಕೋನ ಮುಖಪಟ್ಟಿಯಲ್ಲಿ ಪುರಾಣದ ವೀರ ಪೆಲೊಪ್ಸ್ ಮತ್ತು ರಾಜ ಒಯಿನೊಮಾವೊಸ್‌ರ ರಥಸ್ಪರ್ಧೆಯಿದೆ. ಓಟ ಮಾತ್ರ ಇನ್ನೂ ಆರಂಭವಾಗಿಲ್ಲ, ಎಲ್ಲರೂ ಮೌನವಾಗಿ ನಿಂತಿದ್ದಾರೆ. ನೆಲದ ಮೇಲೆ ಕುಳಿತ ಮುದುಕ ಕಾಲಜ್ಞಾನಿಯ ಎದುರು ಹತ್ತು ನಿಮಿಷವಾದರೂ ನಿಲ್ಲಿ: ಹೊಟ್ಟೆಯ ಚರ್ಮ ಮಡಿಕೆಯಾಗಿ ಜೋತಿದೆ, ಕೆನ್ನೆಯ ಬಳಿಗೆ ಕೈ ಏರಿದೆ, ಮುಂದಾಗುವುದು ಅವನೊಬ್ಬನಿಗೆ ಗೊತ್ತು. ಪಶ್ಚಿಮದ ಕಡೆ ಲ್ಯಾಪಿತರೆಂಬ ಪುರಾಣದ ಜನಾಂಗಕ್ಕೂ ಅರ್ಧ ಮನುಷ್ಯ ಅರ್ಧ ಕುದುರೆಯಾದ ಸೆಂಟಾರ್‌ಗಳಿಗೂ ಕೈಕೈ ಮಿಲಾಯಿಸಿದ ಕಾಳಗ, ನಡುವೆ ಬಲಗೈ ಚಾಚಿದ ದೇವರು ಅಪೋಲೋ. ಒಬ್ಬ ಯುವಕ ಕುಸ್ತಿಪಟುವಿನ ಹಾಗೆ ಸೆಂಟಾರ್‌ನ ಕುತ್ತಿಗೆಗೆ ತೋಳು ಹಾಕಿ ಬಿಗಿದಿದ್ದಾನೆ. ಸೆಂಟಾರ್ ಆ ತೋಳನ್ನೇ ಕಚ್ಚಿದ್ದಾನೆ. ಬಹುತೇಕ ಎಲ್ಲ ಪಟ್ಟುಗಳಿಗೂ ಅವಕಾಶವಿದ್ದ, ಕುಸ್ತಿ ಮತ್ತು ಮುಷ್ಟಿಯುದ್ಧ ಬೆರೆತ ಪ್ಯಾಂಕ್ರೇಷನ್ ಸ್ಪರ್ಧೆಯಲ್ಲಿಯೂ ಕಚ್ಚುವುದು ನಿಷಿದ್ಧವಾಗಿತ್ತು ಎಂಬುದು ತಿಳಿದಿದ್ದರೆ, ಯಾರು ನಿಯಮ ಬಲ್ಲವರು, ಯಾರು ಅಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆಮೇಲೆ ಹೊರಗೆ ಬನ್ನಿ. ದೇವಾಲಯದ ಕಂಬಗಳು ಭೂಕಂಪಕ್ಕೆ ಉರುಳಿ, ಹೆಚ್ಚಿದ ಸೌತೆಕಾಯಿಯ ಬಿಲ್ಲೆಗಳಂತೆ ಸಾಲಾಗಿ ಬಿದ್ದಿವೆ. ಒಂದನ್ನು 2004ರಲ್ಲಿ ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಆ ಕಲ್ಲನ್ನು ಹತ್ತಿರದಿಂದ ನೋಡಿದರೆ ಚಿಪ್ಪುಗಳ ಅಚ್ಚು ಕಾಣುತ್ತದೆ. ಮೈದಾನದ ಕಮಾನಿನ ದಾರಿಗೆ ಮುನ್ನ ಎಡಗಡೆ ಸಾಲಾಗಿರುವ ಖಾಲಿ ಪೀಠಗಳನ್ನು ದಾಟಿ ಓಡಬೇಡಿ. ಮೋಸ ಮಾಡಿ ಸಿಕ್ಕಿಬಿದ್ದ ಸ್ಪರ್ಧಿಗಳ ದಂಡದ ಹಣದಿಂದ ಮಾಡಿಸಿದ ಜೀಯಸ್ ಪ್ರತಿಮೆಗಳು ಅವುಗಳ ಮೇಲಿದ್ದವು. ಮೊದಲ ಆರಕ್ಕೆ ಕಾರಣ, ಕ್ರಿ.ಪೂ. 388ರಲ್ಲಿ ಎದುರಾಳಿಗಳಿಗೆ ಲಂಚ ಕೊಟ್ಟ ಯೂಪೊಲಸ್ ಎಂಬ ಮುಷ್ಟಿಮಲ್ಲನ ಪ್ರಕರಣ. ಓಟಕ್ಕೆ ಇಳಿಯುವವರೆಲ್ಲ ಇವುಗಳ ಮುಂದೆಯೇ ಹಾದುಹೋಗಬೇಕಿತ್ತು.

ಮೈದಾನದ ಓಟದ ಉದ್ದ ಸುಮಾರು 192 ಮೀಟರ್; ಹೆರಾಕ್ಲೀಸನೇ ತನ್ನ ಪಾದದಿಂದ 600 ಅಡಿ ಅಳೆದನೆಂಬ ಕಥೆಯಿದೆ. ನೆರಳು ಇಲ್ಲಿ ಹೆಸರಿಗೂ ಇಲ್ಲ, ನೀರಿನ ಬಾಟಲಿ ಕೈಯಲ್ಲಿರಲಿ. ಕಟಾಕೊಲೊ ಬಂದರಿನಿಂದ ಬರುವ ಹಡಗಿನ ಪ್ರವಾಸಿಗಳು ಸಂಜೆಗೆ ಬಹುಪಾಲು ಹಿಂತಿರುಗಿರುತ್ತಾರೆ. ಆಗ ಆರಂಭದ ಕಲ್ಲುಪಟ್ಟಿಯ ಗೀರುಗಳಲ್ಲಿ ಕಾಲ್ಬೆರಳು ಊರಿ ನಿಲ್ಲುವುದಕ್ಕೆ ಸರದಿ ಕಾಯಬೇಕಾಗಿಲ್ಲ.